ಹೀರೋಸ್ 3ರಲ್ಲಿ ಭಾವನ ಹಡಗು ಪತ್ತೆ ಮಾಡುವುದು

ಮಳೆಗಾಲದಲ್ಲಿ ಸಂಜೆ ಐದರ ಮೇಲೆ ನನ್ನ ಝೆರಾಕ್ಸ್ ಅಂಗಡಿಗೆ ಗಿರಾಕಿಗಳು ಕಡಿಮೆ. ಭಾವ ಮಾತ್ರ ತಪ್ಪದೆ ಬರುತ್ತಾರೆ. ಭಾವ ಅಂದರೆ ಅಕ್ಕನ ಗಂಡ, ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಬೋಟು ಹೊನ್ನಾವರದ ಹತ್ತಿರದ ಕಾಸರಕೋಡಿನಲ್ಲಿ ಕಟ್ಟಿರುತ್ತದೆ, ಬಲೆ ರಿಪೇರಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಮೇಲೆ ಕೊಡೆ ಮಡಚುತ್ತಾ ಒಳಗೆ ಬಂದು ಕೇಳುವುದು ಒಂದೇ ಮಾತು: "ತಂಗಿ, ಕಂಪ್ಯೂಟರ್ ಖಾಲಿ ಇದ್ಯಾ?"

ನಾವು ಆಡುವುದು ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3. 1999ರಲ್ಲಿ ಬಂದ ಆಟ, ನ್ಯೂ ವರ್ಲ್ಡ್ ಕಂಪ್ಯೂಟಿಂಗ್‌ನವರು ಮಾಡಿದ್ದು. ಕೋಟೆ ಕಟ್ಟಬೇಕು, ಗ್ರಿಫಿನ್ ಡ್ರ್ಯಾಗನ್ ಸೇರಿಸಿ ಸೈನ್ಯ ಮಾಡಬೇಕು, ಅದನ್ನು ಒಬ್ಬ ಹೀರೋ ಕೈಗೆ ಕೊಟ್ಟು ಕಳಿಸಬೇಕು. ಅಂಗಡಿಯ ಹಳೇ ಕಂಪ್ಯೂಟರಿನಲ್ಲೂ ಸಲೀಸಾಗಿ ಓಡುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಸರದಿಯಂತೆ ಆಡುವ ಹಾಟ್ ಸೀಟ್ ಅದರಲ್ಲಿದೆ. ಭಾವ ಆಡುವಾಗ ನಾನು ಝೆರಾಕ್ಸ್ ಮಷಿನ್ ಕಡೆ ಮುಖ ಮಾಡಿ ಕೂರಬೇಕು. ನಾನು ಆಡುವಾಗ ಅವರು ಬಾಗಿಲಿಗೆ ಹೋಗಿ ಮಳೆ ನೋಡಬೇಕು. ನಕ್ಷೆ ಯಾವಾಗಲೂ ಮಧ್ಯಮ ಅಳತೆಯದು, 72ಕ್ಕೆ 72 ಮನೆ. ಮನೆ ಅಂದರೆ ಚೌಕಾಬಾರದ ಮನೆಯ ಹಾಗೆ ಒಂದು ಚೌಕ. ರ‍್ಯಾಂಡಮ್ ನಕ್ಷೆ, ನೀರಿನ ಆಯ್ಕೆಯಲ್ಲಿ ಐಲ್ಯಾಂಡ್ಸ್. ಕಡಲು ಬೇಕೇ ಬೇಕು ಅನ್ನುವುದು ಭಾವನ ಹಟ.

ಹೋದ ವರ್ಷ ಜುಲೈಯಲ್ಲಿ ನಾನು ಸೋತ ಬಗೆ ಮೊದಲು ಹೇಳಿಬಿಡುತ್ತೇನೆ. ಈ ಬರಹ ಹುಟ್ಟಿದ್ದೇ ಅದರಿಂದ.

ನನ್ನದು ರ‍್ಯಾಂಪಾರ್ಟ್ ಊರು, ಕೆಂಪು ಬಾವುಟ. ಭಾವನದು ಕ್ಯಾಸಲ್, ನೀಲಿ. ಇವೆಲ್ಲ ಆಟದಲ್ಲಿ ಊರಿನ ಥರಗಳು. ನನ್ನ ಊರಿನ ದಕ್ಷಿಣಕ್ಕೆ ಒಂದು ಮರಳ ದಂಡೆ. ಅದರ ಆಚೆ 18 ಮನೆ ಕಡಲು ನನಗೆ ಕಾಣುತ್ತಿತ್ತು, ಉಳಿದದ್ದು ಕಪ್ಪು, ಅಂದರೆ ನಾನಿನ್ನೂ ನೋಡದ ಜಾಗ. ಹಡಗು ದಿನಕ್ಕೆ, ಅಂದರೆ ಒಂದು ಸರದಿಗೆ, 15 ಮನೆ ಹೋಗುತ್ತದೆ ಅಂತ ಬಾಯಿಪಾಠ ಮಾಡಿದ್ದೆ. ಹಾಗಾಗಿ ನನ್ನ ಲೆಕ್ಕ ಹೀಗಿತ್ತು: ಭಾವನ ಹಡಗು ಒಂದು ದಿನ ಕತ್ತಲೆಯಿಂದ ಹೊರಗೆ ಬರುತ್ತದೆ, ಎರಡನೇ ದಿನ ದಂಡೆಗೆ ಇಳಿಯುತ್ತದೆ, ಮೂರನೇ ದಿನ ಊರಿಗೆ ಕೈ ಹಾಕುತ್ತದೆ. ನನಗೆ ಎರಡು ಸರದಿ ಸಿಗುತ್ತದೆ. ಸೈನ್ಯ ಎರಡು ದಿನದ ದಾರಿಯಲ್ಲಿ ಒಂದು ಗಣಿ ಹತ್ತಿರ ಇತ್ತು. ಸರಿಹೋಯ್ತಲ್ಲ ಅಂದುಕೊಂಡೆ.

ಮೂರನೇ ವಾರದ ನಾಲ್ಕನೇ ದಿನ ಕಡಲು ಖಾಲಿ. ಐದನೇ ದಿನ ನನ್ನ ಸರದಿ ಬಂದಾಗ ದಂಡೆಯಲ್ಲಿ ಖಾಲಿ ದೋಣಿ, ಮರಳ ಮೇಲೆ ನೀಲಿ ಬಾವುಟದ ಹೀರೋ. ಕೈಯಲ್ಲಿ 900 ಚಿನ್ನ ಇತ್ತು. ಆರನೇ ದಿನ ಊರು ಹೋಯಿತು.

ಆ ಹೀರೋ ಹೆಸರು ಸಿಲ್ವಿಯಾ. ಹಿಂದಿನ ವಾರವೇ ಅವಳನ್ನು ಬೇರೆ ಕಡೆ ನೋಡಿದ್ದೆ, ಹೆಸರೂ ಓದಿದ್ದೆ. ಆದರೆ ಅವಳು ಯಾರು ಅಂತ ಯೋಚನೆ ಮಾಡಿರಲಿಲ್ಲ. ಸಿಲ್ವಿಯಾಳ ವಿಶೇಷವೇ ನ್ಯಾವಿಗೇಶನ್, ಹಡಗು ನಡೆಸುವ ವಿದ್ಯೆ. ಆಟದ ವಿದ್ಯೆಗಳಿಗೆ ಬೇಸಿಕ್, ಅಡ್ವಾನ್ಸ್‌ಡ್, ಎಕ್ಸ್‌ಪರ್ಟ್ ಅಂತ ಮೂರು ಹಂತ. ಆಟ ಶುರುವಾಗುವಾಗಲೇ ಬೇಸಿಕ್ ನ್ಯಾವಿಗೇಶನ್ ಇರುತ್ತದೆ. ಅಂದರೆ ಕಡಲಿನಲ್ಲಿ ಒಂದೂವರೆ ಪಟ್ಟು ನಡಿಗೆ, 15ರ ಜಾಗದಲ್ಲಿ 22. ಲೆವೆಲ್ ಏರಿದ ಹಾಗೆ ಇನ್ನೂ ಜಾಸ್ತಿ. ನನ್ನ 18 ಮನೆಯನ್ನು ಅವಳು ಒಂದೇ ಉಸಿರಿಗೆ ದಾಟಿ ಇಳಿದೂಬಿಟ್ಟಿದ್ದಳು.

"ಬೋಟು ನೋಡ್ತೆ, ತಾಂಡೇಲ ಯಾರು ಅಂತ ನೋಡುದಿಲ್ಲ ನೀನು" ಅಂದರು ಭಾವ. ಅವತ್ತು ಸಿಟ್ಟು ಬಂತು. ಆದರೆ ಸರಿಯಾದ ಮಾತೇ.

ಕಪ್ಪು ಬಣ್ಣ ಒಮ್ಮೆ ಹೋದರೆ ಹೋಯಿತು

ಈ ಆಟದ ಒಂದು ಗುಣ ಹೊಸಬರಿಗೆ ಗೊತ್ತಾಗುವುದು ತಡ. ಎಷ್ಟೋ ಆಟಗಳಲ್ಲಿ ನಮ್ಮವರು ಹತ್ತಿರ ಇದ್ದರೆ ಮಾತ್ರ ಶತ್ರು ಕಾಣುತ್ತಾನೆ, ನಾವು ಆಚೆ ಹೋದರೆ ಮತ್ತೆ ಮಂಜು ಮುಚ್ಚುತ್ತದೆ. ಇಲ್ಲಿ ಹಾಗಿಲ್ಲ. ನಿಮ್ಮ ಹೀರೋ ಒಮ್ಮೆ ನೋಡಿದ ಜಾಗ ಆಮೇಲೆ ಯಾವಾಗಲೂ ತೆರೆದೇ ಇರುತ್ತದೆ. ಅಲ್ಲಿ ಯಾರು ಓಡಾಡಿದರೂ ನಿಮ್ಮ ಸರದಿಯಲ್ಲಿ ಕಾಣುತ್ತಾರೆ. ನೀವು ಅಲ್ಲಿ ಇರಬೇಕಾಗಿಲ್ಲ.

ಹಾಗಾಗಿ ಕಡಲಿಗೆ ಕಾವಲುಗಾರ ಬೇಡ. ಒಂದು ಸಲ ಗುಡಿಸಿಕೊಂಡು ಬರುವವ ಸಾಕು. ಮೊದಲ ವಾರದಲ್ಲೇ ಈ ಕೆಲಸಕ್ಕೆ ಒಬ್ಬನನ್ನು ಬಿಡುತ್ತೇನೆ. ಟ್ಯಾವರ್ನ್‌ನಲ್ಲಿ, ಅಂದರೆ ಹೀರೋಗಳು ಸಿಗುವ ಛತ್ರದಲ್ಲಿ, ಹೀರೋಗೆ 2,500 ಚಿನ್ನ. ದೋಣಿಗೆ 1,000 ಚಿನ್ನ ಮತ್ತು 10 ಮರ. ದೋಣಿ ಮಾಡುವ ಶಿಪ್‌ಯಾರ್ಡ್ ಕೆಲವು ಥರದ ಊರುಗಳಲ್ಲಿ ಮಾತ್ರ ಕಟ್ಟಲು ಬರುತ್ತದೆ, ಕಟ್ಟಿದರೆ ಅದಕ್ಕೆ ಬೇರೆ 2,000 ಚಿನ್ನ, 20 ಮರ. ನಕ್ಷೆಯಲ್ಲಿ ಮೊದಲೇ ಇರುವ ಶಿಪ್‌ಯಾರ್ಡ್ ಸಿಕ್ಕಿದರೆ ಕಟ್ಟುವ ಖರ್ಚು ಉಳಿಯಿತು. ದಂಡೆಯಲ್ಲಿ ಯಾರದೋ ಖಾಲಿ ದೋಣಿ ಸಿಕ್ಕಿದರಂತೂ ಪುಕ್ಕಟೆ. ಆಟದಲ್ಲಿ ದೋಣಿಗೆ ಮಾಲೀಕ ಅಂತ ಇಲ್ಲ, ಹತ್ತಿದವನದ್ದೇ.

ಹೀರೋ ಸುತ್ತ 5 ಮನೆ ಕಾಣುತ್ತದೆ. ಸ್ಪೈಗ್ಲಾಸ್, ಸ್ಪೆಕ್ಯುಲಮ್ ಅಂತ ಎರಡು ಸಣ್ಣ ವಸ್ತುಗಳಿವೆ. ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಒಂದೊಂದೂ ಈ ನೋಟಕ್ಕೆ ಒಂದು ಮನೆ ಸೇರಿಸುತ್ತದೆ. ಎರಡೂ ಇದ್ದರೆ 7. ಸ್ಕೌಟಿಂಗ್ ವಿದ್ಯೆ ಇದ್ದರೆ ಇನ್ನೂ ಸ್ವಲ್ಪ. ಬರೀ 5 ಅಂತಲೇ ಲೆಕ್ಕ ಹಾಕಿ. ಹಡಗು ಹೋದ ದಾರಿಯಲ್ಲಿ ಸುಮಾರು 10 ಮನೆ ಅಗಲದ ಪಟ್ಟಿ ತೆರೆಯುತ್ತದೆ. ದಿನಕ್ಕೆ 15 ಮನೆ ಅಂದರೆ 150. ಎರಡು ವಾರಕ್ಕೆ 2,000 ದಾಟುತ್ತದೆ. 72ಕ್ಕೆ 72ರ ನಕ್ಷೆಯಲ್ಲಿ ಇರುವುದೇ 5,184 ಮನೆ. ಎರಡು ದೋಣಿ ಬಿಟ್ಟರೆ ಮೂರನೇ ವಾರದೊಳಗೆ ಕಡಲಿನ ಬಹುಪಾಲು ತೆರೆದಿರುತ್ತದೆ.

ಆದರೆ ಹೋಗುವಾಗ ಒಂದು ದಾರಿ, ಬರುವಾಗ ಬೇರೆ ದಾರಿ ಹಿಡಿಯಬೇಕು. ಎರಡು ದಾರಿಯ ನಡುವೆ 10 ಮನೆ ಅಂತರ ಇರಲಿ. ಗದ್ದೆ ಉಳುವ ಹಾಗೆ ಸಾಲು ಸಾಲಾಗಿ. ನಾನು ಮೊದಮೊದಲು ಮಿನುಗುವ ಪೆಟ್ಟಿಗೆ ಕಂಡಲ್ಲೆಲ್ಲ ಹಡಗು ತಿರುಗಿಸುತ್ತಿದ್ದೆ. ಕೊನೆಗೆ ನಕ್ಷೆಯಲ್ಲಿ ಕಪ್ಪು ತೇಪೆಗಳು ಉಳಿಯುತ್ತಿದ್ದವು. ಭಾವ ಬರುತ್ತಿದ್ದದ್ದು ಅಂಥ ತೇಪೆಯಿಂದಲೇ.

ದುಡ್ಡು ಇದ್ದರೆ ಇನ್ನೂ ಸುಲಭದ ದಾರಿ ಇದೆ. ನೀರಿನಲ್ಲಿ ಕಾರ್ಟೋಗ್ರಾಫರ್ ಸಿಕ್ಕಿದರೆ 1,000 ಚಿನ್ನಕ್ಕೆ ಕಡಲಿನ ನಕ್ಷೆ ಪೂರ್ತಿ ಕೊಡುತ್ತಾನೆ. ಕಣ್ಣು ಮುಚ್ಚಿ ತಗೊಳ್ಳಿ. ನೆಲದ ಮೇಲೆ ರೆಡ್‌ವುಡ್ ಅಬ್ಸರ್ವೇಟರಿ ಅನ್ನುವ ದೊಡ್ಡ ಮರ ಸಿಕ್ಕಿದರೆ ಹತ್ತಿ. ಸುತ್ತ 20 ಮನೆ ಕಾಣುತ್ತದೆ, ಬಿಟ್ಟಿಯಾಗಿ. ಹಟ್ ಆಫ್ ದಿ ಮೇಜಾಯ್ ಅನ್ನುವ ಗುಡಿಸಲಿಗೆ ಹೋದರೆ ನಕ್ಷೆಯಲ್ಲಿ ಎಲ್ಲೆಲ್ಲಿ ಆ ಮಂತ್ರವಾದಿಯ ಕಣ್ಣುಗಳಿವೆಯೋ ಅಲ್ಲೆಲ್ಲ ತೆರೆಯುತ್ತದೆ. ಟವರ್ ಊರು ನಿಮ್ಮದಾದರೆ ಲುಕ್‌ಔಟ್ ಟವರ್ ಕಟ್ಟಿಕೊಳ್ಳಬಹುದು.

ಇದಕ್ಕೆ ಅಪವಾದ ನೆಕ್ರೊಪೊಲಿಸ್ ಥರದ ಊರು. ಅವರ ಊರಿನಲ್ಲಿ ಕವರ್ ಆಫ್ ಡಾರ್ಕ್‌ನೆಸ್ ಕಟ್ಟಿದರೆ ಸುತ್ತಲಿನ ಜಾಗ ಬೇರೆಯವರಿಗೆ ದಿನದಿನವೂ ಮತ್ತೆ ಕಪ್ಪಾಗುತ್ತದೆ. ಕಷ್ಟವೇ. ಆದರೆ ಅದರಲ್ಲೂ ಸುಳಿವು ಇದೆ. ನೀವು ಗುಡಿಸಿಟ್ಟ ಕಡಲಿನಲ್ಲಿ ಒಂದು ಬೆಳಿಗ್ಗೆ ಗುಂಡಗೆ ಕಪ್ಪು ಕಂಡಿತು ಅಂದರೆ ಅದರ ನಟ್ಟನಡುವೆ ಅವರ ಊರು ಇದೆ ಅಂತ ಅರ್ಥ. ಹುಡುಕುವ ಕೆಲಸ ಉಳಿಯಿತು.

ಎಷ್ಟು ದೂರ ತೆರೆದಿರಬೇಕು

ಹಡಗು ಹತ್ತಿದರೆ ಆ ದಿನದ ನಡಿಗೆ ಖಲಾಸ್. ಇಳಿದರೂ ಖಲಾಸ್. ಅಡ್ಮಿರಲ್ಸ್ ಹ್ಯಾಟ್ ಅನ್ನುವ ಟೋಪಿ ಇದ್ದವರಿಗೆ ಮಾತ್ರ ಈ ದಂಡ ಇಲ್ಲ. ಅಂದರೆ ಇಳಿದ ದಿನವೇ ಯಾರೂ ಊರಿಗೆ ನುಗ್ಗಲಾರರು. ಬೇರೆ ಏನೂ ಇಲ್ಲದಿದ್ದರೂ ಆ ಒಂದು ಸರದಿ ನಿಮಗೆ ಸಿಕ್ಕೇ ಸಿಗುತ್ತದೆ.

ಅದಕ್ಕಿಂತ ಜಾಸ್ತಿ ಬೇಕಾದರೆ ಕಡಲು ತೆರೆಯಬೇಕು. ನನ್ನ ಲೆಕ್ಕ ಈಗ ಹೀಗೆ: ನನ್ನ ಸೈನ್ಯ ಊರಿಗೆ ಬರಲು ಎಷ್ಟು ದಿನ ಬೇಕೋ ಅದರಿಂದ ಒಂದು ಕಳೆಯುತ್ತೇನೆ. ಉಳಿದದ್ದನ್ನು ಶತ್ರುವಿನ ದಿನದ ನಡಿಗೆಯಿಂದ ಗುಣಿಸುತ್ತೇನೆ. ದಂಡೆಯಿಂದ ಅಷ್ಟು ಮನೆ ತೆರೆದಿರಬೇಕು. ಮೂರು ದಿನದ ದಾರಿ, ಸಾದಾ ಹೀರೋ ಆದರೆ 2 ಸಲ 15, ಅಂದರೆ 30. ಅದೇ ಸಿಲ್ವಿಯಾ ಆದರೆ 44, ಮೇಲೊಂದಿಷ್ಟು.

ನಡಿಗೆ ಎಷ್ಟು ಅಂತ ತಿಳಿಯಲು ಮೂರು ವಿಷಯ ನೋಡುತ್ತೇನೆ. ಹೀರೋ ಯಾರು, ಅದು ಮೊದಲನೆಯದು. ಕ್ಯಾಸಲ್‌ನ ಸಿಲ್ವಿಯಾ, ಫೋರ್ಟ್ರೆಸ್‌ನ ವೋಯ್, ಇವರಿಬ್ಬರದ್ದೂ ನ್ಯಾವಿಗೇಶನ್. ಎಕ್ಸ್‌ಪರ್ಟ್ ತಲುಪಿದ ಯಾವ ಹೀರೋ ಆದರೂ ಎರಡೂವರೆ ಪಟ್ಟು, 37 ಮನೆ. ಅದು ನಮ್ಮ ನಕ್ಷೆಯ ಅರ್ಧ! ಎರಡನೆಯದು ಲೈಟ್‌ಹೌಸ್. ಅದರ ಮೇಲೆ ಯಾರ ಬಾವುಟ ಇದೆಯೋ ಅವರ ಹಡಗುಗಳಿಗೆಲ್ಲ 5 ಮನೆ ಹೆಚ್ಚು. ದೂರದಿಂದಲೇ ಬಾವುಟದ ಬಣ್ಣ ಕಾಣುತ್ತದೆ, ದಿನಾ ಒಮ್ಮೆ ಕಣ್ಣು ಹಾಯಿಸಿ. ಮೂರನೆಯದು ಸುಳಿ, ವರ್ಲ್‌ಪೂಲ್. ಒಂದು ಸುಳಿಗೆ ನುಗ್ಗಿದರೆ ಇನ್ನೊಂದರಲ್ಲಿ ತೇಲುತ್ತಾರೆ. ಸೈನ್ಯದ ಅತಿ ದುರ್ಬಲ ಗುಂಪಿನಲ್ಲಿ ಅರ್ಧ ಸಾಯುತ್ತದೆ. ಆದರೆ ಭಾವನಂಥವರು ಅದಕ್ಕೆಂದೇ ಕೆಲಸಕ್ಕೆ ಬಾರದ ಒಂದು ಗುಂಪು ಇಟ್ಟುಕೊಂಡಿರುತ್ತಾರೆ. ನಿಮ್ಮ ದಂಡೆಯ ಹತ್ತಿರ ಸುಳಿ ಇದ್ದರೆ ಅಳತೆ ಲೆಕ್ಕವೆಲ್ಲ ಬಿಡಿ. ಅದರ ಇನ್ನೊಂದು ಬಾಯಿ ಎಲ್ಲಿದೆ ಅಂತ ಮೊದಲು ಹುಡುಕಿ.

ಹಡಗು ಹುಟ್ಟುವ ಜಾಗ

ಭಾವ ಒಮ್ಮೆ ಹೇಳಿದ್ದರು, ಯಾವ ಬೋಟು ಎಷ್ಟು ದಿನಕ್ಕೆ ಹೊರಟಿದೆ ಅಂತ ತಿಳಿಯಲು ಕಡಲಿಗೇ ಹೋಗಬೇಕು ಅಂತಿಲ್ಲ, ಅದಕ್ಕೆ ಎಷ್ಟು ಐಸ್ ತುಂಬಿದರು ಅಂತ ನೋಡಿದರೆ ಸಾಕು ಅಂತ. ಈ ಆಟದಲ್ಲಿ ಐಸ್ ಜಾಗದಲ್ಲಿ ಮರ ಇದೆ.

ಮರದ ಲೆಕ್ಕ ನೋಡಿ. ನಾರ್ಮಲ್ ಮಟ್ಟದಲ್ಲಿ ಆಟ ಶುರುವಾಗುವಾಗ 20 ಮರ ಸಿಗುತ್ತದೆ. ಒಂದು ಸಾಮಿಲ್ ದಿನಕ್ಕೆ 2 ಕೊಡುತ್ತದೆ, ವಾರಕ್ಕೆ 14. ಊರಿಗೆ ಫೋರ್ಟ್ ಕಟ್ಟಲು 20 ಬೇಕು. ಕೋಟೆಯ ಕೊನೆಯ ಹಂತಕ್ಕೆ ಇನ್ನೊಂದು 10. ಆ ಹಂತದ ಹೆಸರೂ ಕ್ಯಾಸಲ್ಲೇ, ಭಾವನ ಊರಿನ ಥರ ಬೇರೆ, ಇದು ಬೇರೆ. ಊರಿನ ಶಿಪ್‌ಯಾರ್ಡ್‌ಗೆ 20, ದೋಣಿಗೆ 10. ಎಲ್ಲವನ್ನೂ ಎರಡು ವಾರದಲ್ಲಿ ಮಾಡಲು ಒಂದು ಸಾಮಿಲ್ ಸಾಲುವುದಿಲ್ಲ. ಹಾಗಾಗಿ ಎರಡನೇ ವಾರದ ಶುರುವಿನಲ್ಲೇ ಶತ್ರುವಿನ ಹಡಗು ಕಡಲಿನಲ್ಲಿ ಕಂಡರೆ ಹೆದರಬೇಡಿ. ಊರು ಬಿಟ್ಟು ಹಡಗಿಗೆ ಮರ ಹಾಕಿದ್ದಾನೆ. ಅವನ ಊರಿನಲ್ಲಿ ಕೋಟೆ ಗಟ್ಟಿ ಇರುವುದಿಲ್ಲ, ಸೈನ್ಯ ನಿಧಾನಕ್ಕೆ ಬೆಳೆಯುತ್ತಿರುತ್ತದೆ. ಬಿದ್ದಿದ್ದ ದೋಣಿ ಸಿಕ್ಕಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ದೋಣಿಯ ಆಕಾರವೂ ಮಾತಾಡುತ್ತದೆ. ಕ್ಯಾಸಲ್ ಊರಿನಲ್ಲಿ ಕಟ್ಟಿದ ದೋಣಿ ಒಂದು ಥರ. ನೆಕ್ರೊಪೊಲಿಸ್‌ನವರದು ಬೇರೆ. ಫೋರ್ಟ್ರೆಸ್‌ನದು ಮೂರನೇ ಥರ. ಖಾಲಿ ದೋಣಿಗೆ ಬಾವುಟ ಇರುವುದಿಲ್ಲ, ಆದರೆ ಒಡಲು ನೋಡಿದರೆ ಎಂಥ ಊರಿನಿಂದ ಬಂದದ್ದು ಅಂತ ಅಂದಾಜು ಆಗುತ್ತದೆ. ಕಂಪ್ಯೂಟರ್ ಆಟಗಾರರನ್ನೂ ಸೇರಿಸಿಕೊಂಡು ಆಡುವಾಗ ಇದು ಬಹಳ ಉಪಯೋಗ.

ನನಗೆ ಅತಿ ಇಷ್ಟದ ಸುಳಿವು ಮಾತ್ರ ಬೇರೆ. ಕಡಲ ಮೇಲೆ ತೇಲುವ ಮರದ ತುಂಡು, ಪೆಟ್ಟಿಗೆ, ಒಡೆದ ಹಡಗಿನಿಂದ ಬದುಕುಳಿದವನು, ಇವೆಲ್ಲ ಅಲ್ಲಲ್ಲಿ ಇರುತ್ತವೆ. ಮೊದಲು ಹೋದವನು ಬಾಚಿಕೊಳ್ಳುತ್ತಾನೆ. ನೀವು ಹೊಸದಾಗಿ ತೆರೆದ ಕಡಲಿನಲ್ಲಿ ಮೂವತ್ತು ಮನೆ ಹೋದರೂ ಏನೂ ತೇಲುತ್ತಿಲ್ಲ ಅಂದರೆ ಯಾರೋ ನಿಮಗಿಂತ ಮೊದಲು ಅಲ್ಲಿ ಹೋಗಿದ್ದಾರೆ. ಇನ್ನೊಂದು ಥರವೂ ಉಂಟು. ತೆರೆದ ಕಡಲಿನ ಅಂಚಿನಲ್ಲಿ ನಿನ್ನೆ ಒಂದು ಪೆಟ್ಟಿಗೆ ಇತ್ತು, ಇವತ್ತು ಇಲ್ಲ. ಹಡಗು ಕಾಣುತ್ತಿಲ್ಲ. ಅಂದರೆ ಅದು ಕತ್ತಲೆಯಿಂದ ಕೈ ಚಾಚಿ ಮತ್ತೆ ಕತ್ತಲೆಗೇ ಹೋಗಿದೆ, ತುಂಬಾ ದೂರ ಹೋಗಿರಲು ಸಾಧ್ಯವಿಲ್ಲ. ಇದಕ್ಕಾಗಿಯೇ ನಾನು ಈಗ ಅಂಚಿನ ಒಂದೆರಡು ಪೆಟ್ಟಿಗೆಗಳನ್ನು ಬೇಕೆಂದೇ ಎತ್ತುವುದಿಲ್ಲ. ಕೆರೆಯಲ್ಲಿ ಗಾಳದ ಬೆಂಡು ಬಿಟ್ಟು ಕೂತ ಹಾಗೆ.

ಪುಸ್ತಕ ಇಡಿ. ತಮಾಷೆ ಅಲ್ಲ. ನನ್ನ ಹತ್ತಿರ ಹಿಂಬದಿ ಖಾಲಿ ಇರುವ ಹಾಳಾದ ಝೆರಾಕ್ಸ್ ಹಾಳೆಗಳು ರಾಶಿ ಇವೆ, ಅದನ್ನೇ ಹೊಲಿದುಕೊಂಡಿದ್ದೇನೆ. ವಾರ, ದಿನ, ಹೀರೋ ಹೆಸರು, ಎಲ್ಲಿ ಕಂಡ, ರೈಟ್ ಕ್ಲಿಕ್ ಏನು ಹೇಳಿತು. ಅಷ್ಟೇ.

ರೈಟ್ ಕ್ಲಿಕ್ ಓದುವುದು

ಶತ್ರುವಿನ ಹೀರೋ ಮೇಲೆ ರೈಟ್ ಕ್ಲಿಕ್ ಒತ್ತಿ ಹಿಡಿದರೆ ಅವನ ಸೈನ್ಯ ಕಾಣುತ್ತದೆ. ಆದರೆ ಸಂಖ್ಯೆ ಕಾಣುವುದಿಲ್ಲ, ಒಂದು ಇಂಗ್ಲಿಷ್ ಪದ ಕಾಣುತ್ತದೆ. ಆ ಪದಗಳಿಗೆ ಗಟ್ಟಿ ಅರ್ಥ ಇದೆ. ಫ್ಯೂ ಅಂದರೆ 1ರಿಂದ 4. ಸೆವೆರಲ್ 5ರಿಂದ 9. ಪ್ಯಾಕ್ 10ರಿಂದ 19. ಲಾಟ್ಸ್ 20ರಿಂದ 49. ಹೋರ್ಡ್ 50ರಿಂದ 99. ಥ್ರಾಂಗ್ 100ರಿಂದ 249. ಸ್ವಾರ್ಮ್ 250ರಿಂದ 499. ಝೌಂಡ್ಸ್ 500ರಿಂದ 999. ಅದರ ಮೇಲೆ ಲೀಜನ್. ನಾನು ಇದನ್ನು ಬರೆದು ಮಾನಿಟರಿನ ಪಕ್ಕ ಅಂಟಿಸಿದ್ದೇನೆ. ಆಧಾರ್ ಝೆರಾಕ್ಸ್‌ಗೆ ಬಂದವರೊಬ್ಬರು ಇದು ಯಾವ ಪರೀಕ್ಷೆಗೆ ಅಂತ ಕೇಳಿದ್ದರು.

20 ಮತ್ತು 49ರ ನಡುವೆ ಬಹಳ ವ್ಯತ್ಯಾಸ, ಅಲ್ವಾ? ಹಾಗಾಗಿ ಪದ ಯಾವ ದಿನ ಬದಲಾಯಿತು ಅಂತ ನೋಡಬೇಕು. ಸೈನಿಕರು ಹುಟ್ಟುವುದು ವಾರದ ಮೊದಲ ದಿನ. ಕ್ಯಾಸಲ್ ಊರಿನ ಬಿಲ್ಲುಗಾರರನ್ನೇ ತಗೊಳ್ಳಿ. ವಾರಕ್ಕೆ 9. ಕೋಟೆಯ ನಡುವಿನ ಹಂತವಾದ ಸಿಟಡೆಲ್ ಕಟ್ಟಿದರೆ 13, ಕ್ಯಾಸಲ್ ಹಂತ ಮುಗಿದರೆ 18. ಮೊದಲ ವಾರದಲ್ಲಿ 9, ಎರಡನೇ ವಾರದಲ್ಲಿ 18, ಮೂರರಲ್ಲಿ 18. ಒಟ್ಟು 45, ಜೊತೆಗೆ ಹೀರೋ ತಂದ ನಾಲ್ಕಾರು. ಮೂರನೇ ವಾರದ ಶುರುವಿನಲ್ಲಿ ಬಿಲ್ಲುಗಾರರ ಮೇಲೆ ಹೋರ್ಡ್ ಅಂತ ಕಂಡಿತೋ, ಅದು 99 ಆಗಿರಲು ಸಾಧ್ಯವೇ ಇಲ್ಲ, 50ರ ಆಸುಪಾಸು ಇರಬೇಕು. ಮೊದಲ ವಾರದಲ್ಲೇ ಕೋಟೆ ಪೂರ್ತಿ ಕಟ್ಟಿದ್ದಾನೆ, ಹುಟ್ಟಿದವರನ್ನೆಲ್ಲ ಕೊಂಡಿದ್ದಾನೆ ಅನ್ನುವುದೂ ಅದರಿಂದಲೇ ಗೊತ್ತಾಯಿತು. ಊರಿನ ಹೊರಗೆ ಬಿಲ್ಲುಗಾರರು ಸಿಗುವ ಬೇರೆ ಕಟ್ಟಡ ಹಿಡಿದಿದ್ದರೆ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು.

ಮೋಸವೂ ಇದೆ. ಡಿಸ್‌ಗೈಸ್ ಅನ್ನುವ ಮಂತ್ರ ಹಾಕಿಕೊಂಡವನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅವನ ಅತಿ ಬಲವಾದ ಪ್ರಾಣಿಯೇ ಎಲ್ಲ ಜಾಗದಲ್ಲೂ ಕಾಣುತ್ತದೆ. ಏಳಕ್ಕೆ ಏಳೂ ಏಂಜೆಲ್ ಕಂಡು ನಾನೊಮ್ಮೆ ಊರು ಬಿಟ್ಟು ಓಡಿದ್ದೆ. ಎಲ್ಲ ಜಾಗದಲ್ಲೂ ಒಂದೇ ಮುಖ ಇದ್ದರೆ ನಂಬಬೇಡಿ.

ಟ್ಯಾವರ್ನ್‌ನಲ್ಲಿ ಥೀವ್ಸ್ ಗಿಲ್ಡ್ ಅಂತ ಒಂದು ಬಟನ್ ಇದೆ. ಯಾರಿಗೆ ಊರು ಜಾಸ್ತಿ, ಯಾರಿಗೆ ಹೀರೋಗಳು ಜಾಸ್ತಿ ಅಂತ ಬಾವುಟಗಳನ್ನು ಸಾಲಾಗಿ ತೋರಿಸುತ್ತದೆ. ನಿಮ್ಮ ಹತ್ತಿರ ಟ್ಯಾವರ್ನ್ ಹೆಚ್ಚಾದಷ್ಟು ಸಾಲು ಹೆಚ್ಚು. ಇಬ್ಬರೇ ಆಡುವಾಗ ಇದರಿಂದ ಅಂಥ ಲಾಭ ಇಲ್ಲ. ಎದುರಾಳಿಯ ಹೀರೋಗಳ ಸಂಖ್ಯೆ ನಿಮಗಿಂತ ಜಾಸ್ತಿ ಆಯಿತಾ ಅಂತ ಮಾತ್ರ ನೋಡಿಕೊಳ್ಳಿ. ಜಾಸ್ತಿ ಆಗಿದ್ದು ನಿಮಗೆ ಕಾಣುತ್ತಿಲ್ಲ ಅಂದರೆ ಅವನು ಕತ್ತಲೆಯಲ್ಲಿದ್ದಾನೆ.

ಎರಡು ಮಂತ್ರ

ಊರಿನಲ್ಲಿ ಮಂತ್ರ ಕಲಿಸುವ ಮೇಜ್ ಗಿಲ್ಡ್‌ನ ಮೊದಲ ಹಂತದಲ್ಲೇ ವ್ಯೂ ಏರ್ ಮಂತ್ರ ಸಿಕ್ಕಿದರೆ ನಿಮ್ಮ ಅದೃಷ್ಟ. ಬರೀ 2 ಮಾನಾ. ಮಾನಾ ಅಂದರೆ ಮಂತ್ರ ಹಾಕಲು ಖರ್ಚಾಗುವ ಶಕ್ತಿ. ಏರ್ ಮ್ಯಾಜಿಕ್ ಗೊತ್ತಿಲ್ಲದ ಹೀರೋ ಹಾಕಿದರೆ ಬಿದ್ದಿರುವ ವಸ್ತುಗಳು ಮಾತ್ರ ಕಾಣುತ್ತವೆ. ಅಡ್ವಾನ್ಸ್‌ಡ್ ಏರ್ ಮ್ಯಾಜಿಕ್ ಇದ್ದವನು ಹಾಕಿದರೆ ನಕ್ಷೆಯ ಮೇಲಿನ ಹೀರೋಗಳೆಲ್ಲ ಕಾಣುತ್ತಾರೆ, ಕತ್ತಲೆಯಲ್ಲಿ ಇರುವವರೂ ಸೇರಿ. ಎಕ್ಸ್‌ಪರ್ಟ್ ಆದರೆ ಊರುಗಳೂ. ಹಾಗಾಗಿ ಒಬ್ಬ ಮಂತ್ರವಾದಿಗೆ ಏರ್ ಮ್ಯಾಜಿಕ್ ಅಡ್ವಾನ್ಸ್‌ಡ್ ಆಗುವವರೆಗೆ ಅನುಭವ ಕೊಡಿಸಿ, ಆಮೇಲೆ ಊರಿನಲ್ಲೇ ಕೂರಿಸಿಬಿಡಿ. ದಿನಾ ಬೆಳಿಗ್ಗೆ ಒಂದು ಸಲ ಹಾಕಿದರೆ ಸಾಕು, ಮಾನಾ ಖಾಲಿಯಾಗುವ ಭಯ ಇಲ್ಲ. ಹಡಗು ಹುಡುಕಲು ಇದಕ್ಕಿಂತ ಅಗ್ಗದ ಉಪಾಯ ನಾನು ಕಂಡಿಲ್ಲ. ಸೈನ್ಯ ಎಷ್ಟು ಅಂತ ಮಾತ್ರ ಇದು ಹೇಳುವುದಿಲ್ಲ.

ಅದಕ್ಕೆ ವಿಶನ್ಸ್ ಬೇಕು, ಎರಡನೇ ಹಂತದ ಮಂತ್ರ. ಅಡ್ವಾನ್ಸ್‌ಡ್ ಮಟ್ಟದಲ್ಲಿ ಹತ್ತಿರದ ಶತ್ರು ಹೀರೋಗಳ ಸೈನ್ಯ ನಿಖರವಾಗಿ ತೋರಿಸುತ್ತದೆ. ಆದರೆ ಸ್ಪೆಲ್ ಪವರ್ ಕಡಿಮೆ ಇದ್ದವನಿಗೆ ದೂರ ಎಟಕುವುದಿಲ್ಲ. ಹಡಗಿನ ಅಷ್ಟು ಹತ್ತಿರ ಹೋಗುವ ಹೊತ್ತಿಗೆ ಅವನೇ ನಿಮ್ಮನ್ನು ತಿಂದಿರುತ್ತಾನೆ.

ವಾಟರ್ ವಾಕ್, ಫ್ಲೈ ಮಂತ್ರ ಕಲಿತವನಿಗೆ ದೋಣಿಯೇ ಬೇಡ. ಅಂಥವನು ಎದುರಿದ್ದರೆ ಶಿಪ್‌ಯಾರ್ಡ್ ಕಾಯುವುದು ಸುಮ್ನೆ ದಂಡ. ಮರದ ಲೆಕ್ಕವೂ ದಂಡ.

ಸೋಲಲಿಕ್ಕೆಂದೇ ಹೋಗುವವ

ಸೈನ್ಯದ ಸರಿಯಾದ ಸಂಖ್ಯೆ ತಿಳಿಯಲು ನಾನು ಮಾಡುವುದು ಬೇರೆ. ಕೆಲಸಕ್ಕೆ ಬಾರದ ಹೀರೋ ಒಬ್ಬನನ್ನು ಹಡಗಿನಲ್ಲಿ ಕಳಿಸಿ ಡಿಕ್ಕಿ ಹೊಡೆಸುತ್ತೇನೆ. ಯುದ್ಧ ಶುರುವಾದ ತಕ್ಷಣ ಎದುರಿನ ಪ್ರತಿ ಗುಂಪಿನ ಕಾಲ ಬುಡದಲ್ಲಿ ಸಂಖ್ಯೆ ಕಾಣುತ್ತದೆ. ಡಿಸ್‌ಗೈಸ್ ಇಲ್ಲಿ ನಡೆಯುವುದಿಲ್ಲ. ಎದುರಿನ ಹೀರೋ ಮೇಲೆ ಕ್ಲಿಕ್ ಮಾಡಿದರೆ ಅವನ ಶಕ್ತಿ, ಮಾನಾ ಕೂಡ. ಅಷ್ಟನ್ನೂ ಬರೆದುಕೊಂಡು ರಿಟ್ರೀಟ್ ಒತ್ತಿ. ಸೈನ್ಯ ಹೋಯಿತು, ಹೀರೋ ಟ್ಯಾವರ್ನ್‌ಗೆ ಬರುತ್ತಾನೆ. 2,500 ಕೊಟ್ಟು ಮತ್ತೆ ತಗೊಳ್ಳಬಹುದು.

ಇದರಲ್ಲಿ ಒಂದು ಎಡವಟ್ಟು ಇದೆ. ರಿಟ್ರೀಟ್ ಒತ್ತಲು ನಿಮ್ಮ ಸರದಿ ಬರಬೇಕು. ಒಂದೇ ಗುಂಪು ಇಟ್ಟುಕೊಂಡು ಹೋದರೆ ಎದುರಿನ ವೇಗದ ಪ್ರಾಣಿ ಮೊದಲೇ ಬಂದು ಅದನ್ನು ಮುಗಿಸಿಬಿಡುತ್ತದೆ, ಯುದ್ಧವೂ ಮುಗಿಯಿತು, ಹೀರೋನೂ ಸತ್ತ. ನನಗೆ ಎರಡು ಸಲ ಹೀಗಾಗಿದೆ. ಈಗ ಏಳು ಸೈನಿಕರನ್ನು ಏಳು ಜಾಗಕ್ಕೆ ಒಂದೊಂದಾಗಿ ಹಂಚಿ ಕಳಿಸುತ್ತೇನೆ. ಅವನು ಒಂದು ಸಲಕ್ಕೆ ಒಂದು ಗುಂಪನ್ನು ತಾನೇ ಹೊಡೆಯುವುದು? ಅಷ್ಟರಲ್ಲಿ ನನ್ನ ಯಾವುದಾದರೂ ಒಂದಕ್ಕೆ ಸರದಿ ಬಂದಿರುತ್ತದೆ. ಏಳರಲ್ಲಿ ಒಂದಾದರೂ ವೇಗದ ಪ್ರಾಣಿ ಇರಲಿ. ಎದುರಾಳಿಯ ಹತ್ತಿರ ಶ್ಯಾಕಲ್ಸ್ ಆಫ್ ವಾರ್ ಇದ್ದರೆ ಈ ಆಟ ಬೇಡ, ಅದು ಇರುವಾಗ ಯಾರೂ ಓಡುವಂತಿಲ್ಲ.

ಕಿವಿಯಿಂದ

ಇದನ್ನು ಹೇಳಿದರೆ ಭಾವ ಬಯ್ಯುತ್ತಾರೆ, ಆದರೂ ಹೇಳುತ್ತೇನೆ.

ಆಟದಲ್ಲಿ ಹುಲ್ಲುಗಾವಲಿಗೆ ಒಂದು ರಾಗ, ಮರಳಿಗೆ ಒಂದು, ಹಿಮಕ್ಕೆ ಒಂದು. ಕಡಲಿಗೂ ಅದರದೇ ರಾಗ. ಹಡಗಿನಲ್ಲಿರುವ ಹೀರೋನನ್ನು ಆರಿಸಿದ ಕೂಡಲೇ ಸಂಗೀತ ಬದಲಾಗುತ್ತದೆ. ಹಾಟ್ ಸೀಟ್‌ನಲ್ಲಿ ಮುಖ ತಿರುಗಿಸಿ ಕೂತವರಿಗೆ ಕಣ್ಣಿಲ್ಲ, ಕಿವಿ ಇದೆಯಲ್ಲ! ಸ್ಪೀಕರಿನಲ್ಲಿ ಕಡಲ ರಾಗ ಕೇಳಿತು ಅಂದರೆ ಭಾವನ ಹೀರೋ ನೀರಿನ ಮೇಲಿದ್ದಾನೆ. ಎಷ್ಟು ಸಲ ಕೇಳಿತು ಅಂತ ಎಣಿಸಿದರೆ ಎಷ್ಟು ಹಡಗು ಅನ್ನುವ ಅಂದಾಜೂ ಸಿಗುತ್ತದೆ. ಈ ವರ್ಷ ಜೂನ್ ಪೂರ್ತಿ ನಾನು ಹೀಗೆ ಬೇಹು ನಡೆಸಿದೆ. ಕೈಯಲ್ಲಿ ಕರೆಂಟ್ ಬಿಲ್ ಝೆರಾಕ್ಸ್, ಕಿವಿ ಸ್ಪೀಕರಿಗೆ. ಜುಲೈ ಮೊದಲ ವಾರ ಭಾವ ಬರುವಾಗ ಕಿಸೆಯಿಂದ ಇಯರ್‌ಫೋನ್ ತೆಗೆದರು. ಏನೂ ಹೇಳಲಿಲ್ಲ. ಸುಮ್ಮನೆ ಚುಚ್ಚಿದರು.

ಕಂಪ್ಯೂಟರ್ ಆಟಗಾರರ ಎದುರು ಆಡುವವರಿಗೆ ಇನ್ನೂ ಒಳ್ಳೆಯದು ಇದೆ. ಆಟದ ಆಯ್ಕೆಗಳಲ್ಲಿ ಶತ್ರುವಿನ ನಡಿಗೆ ಎಷ್ಟು ವೇಗದಲ್ಲಿ ತೋರಿಸಬೇಕು ಅಂತ ಇರುತ್ತದೆ. ಬೇಗ ಮುಗಿಯಲಿ ಅಂತ ಎಲ್ಲರೂ ಅದನ್ನು ಜೋರು ಇಡುತ್ತಾರೆ, ಇಲ್ಲವೇ ತೋರಿಸುವುದೇ ಬೇಡ ಅಂತ ಹಾಕುತ್ತಾರೆ. ನಿಧಾನಕ್ಕೆ ಇಡಿ. ತೆರೆದ ಕಡಲಿನಲ್ಲಿ ಅವರ ಹಡಗು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕಣ್ಣಾರೆ ನೋಡಬಹುದು.

ಈ ಸಲದ ಆಟ

ಈ ಜುಲೈ ಕೊನೆಯ ವಾರ ನನ್ನ ಪುಸ್ತಕದಲ್ಲಿ ಹೀಗೆ ಬರೆದಿದೆ: ನಾಲ್ಕನೇ ವಾರ, ಎರಡನೇ ದಿನ, ಸಿಲ್ವಿಯಾ, ಪೂರ್ವದ ಸಣ್ಣ ದ್ವೀಪದ ಪಕ್ಕ, ಬಿಲ್ಲುಗಾರರು ಹೋರ್ಡ್, ಗ್ರಿಫಿನ್ ಲಾಟ್ಸ್. ಲೈಟ್‌ಹೌಸ್ ಮೇಲೆ ನೀಲಿ ಬಾವುಟ. ಅಂದರೆ ದಿನಕ್ಕೆ 27ಕ್ಕಿಂತ ಕಡಿಮೆ ಇಲ್ಲ. ನನ್ನ ದಂಡೆ 40 ಮನೆ ದೂರ. ಸೈನ್ಯವನ್ನು ಅವತ್ತೇ ಊರಿಗೆ ಕರೆಸಿದೆ.

ಮೂರನೇ ದಿನ ಅವಳು ನನ್ನ ಕಡೆ ಬರಲಿಲ್ಲ. ಆ ಸಣ್ಣ ದ್ವೀಪಕ್ಕೇ ಇಳಿದಳು. ಅಲ್ಲಿ ಒಂದು ಚಿನ್ನದ ಗಣಿ ಇತ್ತು. ದೋಣಿ ಖಾಲಿಯಾಗಿ ದಂಡೆಯಲ್ಲಿ ನಿಂತಿತು. ಆ ಭಾಗದ ಕಡಲು ನಾನು ಮೊದಲ ವಾರವೇ ಗುಡಿಸಿಟ್ಟದ್ದು, ಹಾಗಾಗಿ ಊರಿನಲ್ಲಿ ಕೂತೇ ಎಲ್ಲ ಕಾಣುತ್ತಿತ್ತು. ನನ್ನ ಮಂತ್ರವಾದಿಗೆ ಸ್ಕಟಲ್ ಬೋಟ್ ಗೊತ್ತಿತ್ತು. ಕಾಣುವ ಖಾಲಿ ದೋಣಿಯನ್ನು ಮುಳುಗಿಸುವ ಮಂತ್ರ, 8 ಮಾನಾ. ವಾಟರ್ ಮ್ಯಾಜಿಕ್ ಕಲಿಯದವನು ಹಾಕಿದರೆ ಎರಡರಲ್ಲಿ ಒಂದು ಸಲ ಫಲಿಸುತ್ತದೆ. ಮೊದಲ ಸಲ ಫಲಿಸಲಿಲ್ಲ. ಎರಡನೇ ಸಲ ದೋಣಿ ಮಾಯ.

ಸರದಿ ಬಿಟ್ಟುಕೊಟ್ಟು ಝೆರಾಕ್ಸ್ ಮಷಿನ್ ಕಡೆ ತಿರುಗಿ ಕೂತೆ. ಹಿಂದೆ ಮೌಸ್ ಕ್ಲಿಕ್ ಆಗುವ ಸದ್ದು ನಿಂತುಹೋಯಿತು. ತುಂಬಾ ಹೊತ್ತು ಮಳೆಯ ಸದ್ದು ಮಾತ್ರ.

"ತಂಗಿ, ನನ್ನ ಬೋಟು ಎಲ್ಲಿ?"

"ಗಾಳಿ ಮಳೆ ಭಾವ. ಸರಿ ಕಟ್ಟಿದ್ರಾ?" ಅಂದೆ.

ಆಗಸ್ಟ್ 1ಕ್ಕೆ ಭಾವ ಕಡಲಿಗೆ ಹೋದರು. ಆಟ ಹಾಗೇ ಸೇವ್ ಆಗಿದೆ. ಸಿಲ್ವಿಯಾ ಇನ್ನೂ ಆ ದ್ವೀಪದಲ್ಲೇ ಇದ್ದಾಳೆ.